ಪದ ಬೇಕು: ಹೊಲಿಯದೆ ಬಟ್ಟೆ ಚೀಲಕ್ಕೆ ಕೂರಿಸುವ ಅಲಂಕಾರದ ತುಂಡಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಭಾನುವಾರದ ಸಂತೆಯಲ್ಲಿ ನಾನೂ ಅಕ್ಕನೂ ಬಟ್ಟೆ ಚೀಲದ ಅಂಗಡಿ ಇಡುತ್ತಿದ್ದೇವೆ. ಗಿರಾಕಿಗಳು ಕೇಳಿದ ಹೂವು, ನವಿಲು, ಕನ್ನಡ ಅಕ್ಷರದ ತುಂಡನ್ನು ಚೀಲದ ಮೇಲೆ ಕೂರಿಸಿ ಕೊಡುತ್ತೇವೆ. ಹೊಲಿಗೆ ಇಲ್ಲ. ತುಂಡಿನ ಬೆನ್ನಿಗೆ ಒಣಗಿದ ಅಂಟಿನ ಪದರ ಇರುತ್ತದೆ. ಬಿಸಿ ತಾಗಿದರೆ ಕರಗಿ ನೂಲಿನೊಳಗೆ ಇಳಿಯುತ್ತದೆ, ಆರಿದ ಮೇಲೆ ಬಿಗಿಯಾಗುತ್ತದೆ. ಬೋರ್ಡಿಗೆ 'ಐರನ್ ಆನ್ ಪ್ಯಾಚ್' ಎಂದು ಬರೆಸಲು ಮನಸ್ಸಿಲ್ಲ. 'ಇಸ್ತ್ರಿ ತೇಪೆ' ಸರಿಯಾ? ಜೊತೆಗೆ ಕೊಡುವ ಚೀಟಿಗೂ ಅದೇ ಪದ ಬೇಕು.
— ಮೈಸೂರಿನಿಂದ

ತೇಪೆ ಬೇಡ. ತೇಪೆ ಹರಿದದ್ದಕ್ಕೆ. ಹೊಸ ಚೀಲಕ್ಕೆ ಯಾರು ತೇಪೆ ಹಾಕುತ್ತಾರೆ? ನಮ್ಮ ಕಡೆ 'ಹಚ್ಚು' ಇದೆ. ದೀಪ ಹತ್ತುತ್ತದೆ, ನಾವು ಹಚ್ಚುತ್ತೇವೆ. ಕೆಸರು ಕಾಲಿಗೆ ಹತ್ತುತ್ತದೆ, ಗೋಡೆಗೆ ಸುಣ್ಣ ಹಚ್ಚುತ್ತೇವೆ. ಬಿಸಿಯೂ ಅಂಟೂ ಒಂದೇ ಮಾತಿನಲ್ಲಿ ಬಂತಲ್ಲ! 'ಹಚ್ಚುಚಿತ್ತಾರ' ಅನ್ನಿ. ಮೈಮೇಲಿನ ಹಚ್ಚೆಯೂ ಇದರಿಂದಲೇ ಬಂದದ್ದು.
— ಧಾರವಾಡದಿಂದ

ತಪ್ಪು. ಹಚ್ಚೆ ಬಂದದ್ದು 'ಪಚ್ಚೆ'ಯಿಂದ, ಅಂದರೆ ಹಸಿರಿನಿಂದ. ತಮಿಳರು ಇವತ್ತಿಗೂ 'ಪಚ್ಚೈ ಕುತ್ತು' ಅನ್ನುತ್ತಾರೆ. ಹಕಾರ ಕಂಡರೆ ಮೊದಲು ಹಳಗನ್ನಡದ ಪಕಾರ ಹುಡುಕಬೇಕು. ಮೈಸೂರಿನಲ್ಲಿ 'ಚೀಲಕ್ಕೆ ಹಚ್ಚಿ' ಎಂದು ಬರೆದರೆ ಜನಕ್ಕೆ ಬೆಂಕಿಯೇ ನೆನಪಾಗುತ್ತದೆ. 'ಇಸ್ತ್ರಿ'ಯೂ ಬೇಡ. ಅದು ಪೋರ್ಚುಗೀಸಿನ 'ಎಸ್ತಿರಾರ್', ಎಳೆದು ಚಾಚು ಎಂಬ ಅರ್ಥದ್ದು. ಅಚ್ಚಗನ್ನಡದಲ್ಲಿ 'ಬಿಸಿಯಂಟು' ಸಾಕು.
— ಶಿವಮೊಗ್ಗದಿಂದ

ಪೋರ್ಚುಗೀಸು ಅಂತ ಇಸ್ತ್ರಿಯನ್ನು ಬಿಟ್ಟರೆ ಚಾವಿ, ಬಟಾಟೆ ಎಲ್ಲವನ್ನೂ ಬಿಡಬೇಕು. ಅಜ್ಜಿ ಕಾಲದಿಂದ ಮನೆಯೊಳಗಿರುವ ಪದವನ್ನು ಈಗ ಹೊರಗೆ ಹಾಕುವುದು ಯಾವ ನ್ಯಾಯ? ಇನ್ನು 'ಬಿಸಿಯಂಟು' ಅಂಟಿನ ಹೆಸರಾಯಿತು, ತುಂಡಿನ ಹೆಸರಲ್ಲ. ಪ್ರತಿ ಸಲವೂ ಚರ್ಚೆ ಎರವಲು ಪದದ ಜಗಳಕ್ಕೇ ಬಂದು ನಿಲ್ಲುತ್ತದೆ, ಕೇಳಿದವರು ಬರಿಗೈಯಲ್ಲಿ ಹೋಗುತ್ತಾರೆ. ನನಗೆ ಬೇಜಾರಾಗಿದೆ.
— ಮಂಗಳೂರಿನಿಂದ

ನಾನು ದಿನವೂ ಈ ಕೆಲಸ ಮಾಡುವವಳು. ಇಸ್ತ್ರಿ ಯಾವ ದೇಶದ್ದಾದರೂ ನನಗೆ ತಕರಾರಿಲ್ಲ. ಆದರೆ ಇಲ್ಲಿ ಆ ಪದ ಕೈಗೆ ತಪ್ಪು ಹೇಳಿಕೊಡುತ್ತದೆ. 'ಇಸ್ತ್ರಿ ಮಾಡಿ' ಅಂದರೆ ಯಾರೇ ಆಗಲಿ ಪೆಟ್ಟಿಗೆಯನ್ನು ಹಿಂದೆ ಮುಂದೆ ಎಳೆಯುತ್ತಾರೆ. ಎಳೆದರೆ ಕರಗಿದ ಅಂಟಿನ ಮೇಲೆ ತುಂಡು ಜಾರಿ ಸೊಟ್ಟಗೆ ಕೂರುತ್ತದೆ. ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಉಗಿ ಇಲ್ಲದ ಪೆಟ್ಟಿಗೆಯನ್ನು ಇಟ್ಟು ಒತ್ತಬೇಕು. ಹದಿನೈದು ಸೆಕೆಂಡು ಅಲ್ಲಾಡಿಸಬಾರದು. ಪೂರ್ತಿ ಆರುವ ತನಕ ಅಂಚನ್ನು ಎತ್ತಿ ನೋಡಲೂ ಬಾರದು. ಹಾಗಾಗಿ ಪದ 'ಒತ್ತು'ವಿನಿಂದ ಹುಟ್ಟಲಿ. ಒತ್ತುಶ್ಯಾವಿಗೆ ಇದೆಯಲ್ಲ, ಹಾಗೇ 'ಒತ್ತುಬಿಲ್ಲೆ'.

'ಬಟ್ಟೆ ಚೀಲ' ಎಂಬ ಮಾತಿನಲ್ಲೂ ಹುಷಾರು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೂ ಬಟ್ಟೆಯಂತೆ ಕಾಣುವ ಚೀಲಗಳು ಓಡಾಡುತ್ತಿವೆ. ನೇಯ್ಗೆಯೇ ಇಲ್ಲದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಅವು. 160 ಡಿಗ್ರಿ ಸುಮಾರಿಗೆ ಕರಗುತ್ತವೆ, ಹತ್ತಿಗೆ ಇಟ್ಟ ಪೆಟ್ಟಿಗೆ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಒಮ್ಮೆ ಒಬ್ಬರು ನೀಲಿ ಚೀಲ ತಂದಿದ್ದರು. ನಾನೂ ನೋಡದೆ ಪೆಟ್ಟಿಗೆ ಇಟ್ಟೆ. ಎತ್ತಿದಾಗ ನೀಲಿ ಬಣ್ಣ ಎಳೆ ಎಳೆಯಾಗಿ ಪೆಟ್ಟಿಗೆಯ ಜೊತೆಗೇ ಬಂತು. ಚೀಟಿಯಲ್ಲಿ 'ಹತ್ತಿ ಚೀಲ' ಎಂದೇ ಬರೆಯಿರಿ.
— ತುಮಕೂರಿನಿಂದ

ಬಿಲ್ಲೆ ಗಟ್ಟಿ ವಸ್ತುವಿಗೆ. ಕುಂಟೆಬಿಲ್ಲೆ ಆಡಿದವರಿಗೆ ಇದು ಗೊತ್ತಿರಬೇಕು. ತೇಪೆಯನ್ನೇ ಇಟ್ಟುಕೊಳ್ಳುವುದಾದರೆ ಬೆಟ್ಟದಾವರೆಯ ಹಾಗೆ 'ಒತ್ತುದೇಪೆ' ಆಗಬೇಕು. ತಕಾರ ದಕಾರವಾಗುವ ಆದೇಶ ಸಂಧಿಯನ್ನು ಬಿಡಬೇಡಿ.
— ಶಿವಮೊಗ್ಗದಿಂದ

'ಒತ್ತುದೇಪೆ' ಎಂದರೆ ಸಂತೆಯಲ್ಲಿ ಯಾರಿಗೂ ತಿಳಿಯುವುದಿಲ್ಲ ಸರ್. ಓದಿದ ಕೂಡಲೇ ಅರ್ಥವಾಗಬೇಕು, ಅಲ್ವಾ?
— ಮಂಗಳೂರಿನಿಂದ

ಎಲ್ಲರಿಗೂ ಧನ್ಯವಾದ. ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. 'ಒತ್ತು' ಅಂದ ತಕ್ಷಣ ಅವಳ ಅಂಗೈ ತಾನಾಗಿ ಮೇಜಿನ ಮೇಲೆ ಕೂತಿತು. ಬೋರ್ಡಿಗೆ 'ಒತ್ತುಬಿಲ್ಲೆ, ಹೊಲಿಗೆ ಬೇಡ' ಎಂದು ಬರೆಸಿದ್ದೇವೆ. ಚೀಟಿಯಲ್ಲಿ 'ಹತ್ತಿ ಚೀಲಕ್ಕೆ ಮಾತ್ರ. ಒತ್ತಿ ಹಿಡಿಯಿರಿ, ಉಜ್ಜಬೇಡಿ' ಎಂದಿದೆ. ಒಗೆದಾಗ ಅಂಚು ಎದ್ದರೆ 'ಬಿಟ್ಟಿದೆ' ಅನ್ನಬೇಕಾ, 'ಕಿತ್ತಿದೆ' ಅನ್ನಬೇಕಾ? ಮುದ್ರಣಕ್ಕೆ ನಾಳೆ ಮಧ್ಯಾಹ್ನ ಕೊಡುತ್ತೇನೆ.
— ಮೈಸೂರಿನಿಂದ