ಮೇಫ್ಲವರ್ ವಂಶಸ್ಥರ ಸಂಘ: ಹೆಮ್ಮೆಯೋ, ಜಂಬವೋ?

ಬಾಸ್ಟನ್_ಭಾವ: ನಮ್ಮ ಆಫೀಸಿನ ಒಬ್ಬರಿಗೆ ಮೇಫ್ಲವರ್ ವಂಶಸ್ಥರ ಸಂಘದ ಸದಸ್ಯತ್ವ ಸಿಕ್ಕಿತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮೇಜಿನ ಮೇಲೆ ಇಟ್ಟಿದ್ದಾರೆ. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಮೇಫ್ಲವರ್ ಅನ್ನೋ ಹಡಗಲ್ಲಿ ಬಂದ 102 ಜನರಲ್ಲಿ ಒಬ್ಬರ ಸಂತಾನ ಅಂತ ತೋರಿಸಲು ತಲೆಮಾರು ತಲೆಮಾರಿಗೂ ಜನನ, ಮದುವೆ, ಮರಣದ ದಾಖಲೆ ಬೇಕು. ಈ ಶ್ರದ್ಧೆ ಮೆಚ್ಚಬೇಕು. ನಮ್ಮಲ್ಲಿ ಮುತ್ತಜ್ಜನ ಅಪ್ಪನ ಹೆಸರು ಎಷ್ಟು ಜನಕ್ಕೆ ಗೊತ್ತು?

ಬಯಲುಸೀಮೆ: "ಎಷ್ಟು ಜನಕ್ಕೆ ಗೊತ್ತು" ಅಂದರೆ ಏನರ್ಥ? ನಮ್ಮೂರಿಗೆ ಹೆಳವರು ಈಗಲೂ ಬರುತ್ತಾರೆ. ಮೊದಲು ಎತ್ತಿನ ಮೇಲೆ, ಈಗ ಬೈಕಲ್ಲಿ. ಜಗಲಿ ಮೇಲೆ ಕೂತು, ಹಳೇ ಪುಸ್ತಕ ಬಿಚ್ಚಿ, ನಮ್ಮ ಮನೆತನದ ಹೆಸರೆಲ್ಲ ಓದಿ, ಕಾಳು ತಗೊಂಡು ಹೋಗುತ್ತಾರೆ. ಅವರ ಹತ್ತಿರ ಕಟ್ಟು ಹಾಕಿಸಿದ ಕಾಗದ ಇಲ್ಲ, ಅಷ್ಟೇ.

ಸುಮ್ನೆ_ಸುಮಾ: ಶ್ರದ್ಧೆಯಂತೆ! ಸಂಘ ಹುಟ್ಟಿದ್ದೇ 1897ರಲ್ಲಿ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಠಾಣೆ ತೆರೆದು ಐದು ವರ್ಷ, ಇಟಲಿ, ರಷ್ಯಾ ಕಡೆಯ ಬಡವರು ಬಂದು ಇಳಿಯುತ್ತಿದ್ದ ಕಾಲ. ಸರಿಯಾಗಿ ಆಗಲೇ "ನಾವು ಮೊದಲು ಬಂದವರು" ಅಂತ ನೆನಪಾಯಿತಾ? ಮೇಫ್ಲವರ್‌ನವರು ಬಂದಾಗಲೇ ಅಲ್ಲಿ ಮೂಲನಿವಾಸಿಗಳಾದ ವಾಂಪನೋಗ್ ಜನ ಇದ್ದರು, ಸ್ವಾಮಿ.

ಬಾಸ್ಟನ್_ಭಾವ: ಅವರು ಮೊದಲು ಕಾಲಿಟ್ಟ ಪ್ಲಿಮತ್ ಬಂಡೆ ಇವತ್ತಿಗೂ ಇದೆ, 1620 ಅಂತ ಕೆತ್ತಿದೆ. ಕಣ್ಣಾರೆ ನೋಡಿದ್ದೇನೆ.

ಕಲ್ಲುಸಕ್ಕರೆ: "ಕೆತ್ತಿದೆ" ನಿಜ. ಕೆತ್ತಿದ್ದು 1880ರಲ್ಲಿ. ಅವರು ಮೊದಲು ಇಳಿದಿದ್ದು ಪ್ಲಿಮತ್‌ನಲ್ಲಲ್ಲ, ಬೇರೆ ಊರಾದ ಪ್ರಾವಿನ್ಸ್‌ಟೌನ್‌ನಲ್ಲಿ. ಅದೇ ಹಡಗಲ್ಲಿ ಬಂದು ಆ ಕಥೆ ಬರೆದಿಟ್ಟ ಬ್ರಾಡ್‌ಫೋರ್ಡ್ ಆಗಲಿ ವಿನ್ಸ್ಲೋ ಆಗಲಿ ಬಂಡೆ ಅಂತ ಒಂದು ಮಾತೂ ಬರೆದಿಲ್ಲ.

ಬಾಸ್ಟನ್_ಭಾವ: ಬರೆಯದಿದ್ದರೆ ಇರಲಿಲ್ಲ ಅಂತಲಾ? ಥಾಮಸ್ ಫಾನ್ಸ್ ಅನ್ನೋ ಹಿರಿಯರೇ ಬಂಡೆ ತೋರಿಸಿದ್ದಾರೆ. ಅವರ ತಂದೆ ಹೇಳಿದ್ದು.

ಕಲ್ಲುಸಕ್ಕರೆ: ತೋರಿಸಿದ್ದು 1741ರಲ್ಲಿ. ಅಂದರೆ 121 ವರ್ಷ ಆದಮೇಲೆ, ತೊಂಬತ್ತು ದಾಟಿದ ಅಜ್ಜ. ಅವರ ತಂದೆ ಬಂದಿದ್ದು 1623ರಲ್ಲಿ, ಬೇರೆ ಹಡಗಲ್ಲಿ. ಅವರೇನು ಕಂಡರು?

ಸುಮ್ನೆ_ಸುಮಾ: ಹಾಗಾದ್ರೆ ಅಪ್ಪನ ಲೆಕ್ಕದಲ್ಲಿ ಆ ಫಾನ್ಸ್ ಅಜ್ಜನಿಗೇ ಸದಸ್ಯತ್ವ ಸಿಗುತ್ತಿರಲಿಲ್ಲ 😂

ಬಾಸ್ಟನ್_ಭಾವ: ನಗೋದು ಸುಲಭ. ಆ ಚಳಿಗಾಲದಲ್ಲಿ ಅರ್ಧ ಜನ ಸತ್ತರು. ಅದಕ್ಕಾದರೂ ಮರ್ಯಾದೆ ಬೇಡವಾ?

ಕಲ್ಲುಸಕ್ಕರೆ: ಮಾತು ತಿರುಗಿಸಬೇಡಿ. 1774ರಲ್ಲಿ ಎತ್ತಲು ಹೋಗಿ ಬಂಡೆ ಎರಡು ಹೋಳಾಯಿತು. ಆಮೇಲೆ ಜನ ಚೂರು ಒಡೆದು ಒಡೆದು ಮನೆಗೆ ಒಯ್ದರು. ಈಗ ಕಂಬದ ಮಂಟಪದ ಕೆಳಗೆ, ಮರಳ ಗುಂಡಿಯಲ್ಲಿ, ಸಿಮೆಂಟಿನ ಗೆರೆ ಎಳೆಸಿಕೊಂಡು ಬಿದ್ದಿರುವುದು ಉಳಿದ ತುಂಡು. ನೀವು ಕಣ್ಣಾರೆ ಕಂಡಿದ್ದು ಅದು.

ಬಯಲುಸೀಮೆ: ಹೆಳವರ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಮಧ್ಯದವ: ಕಲ್ಲು ಬಿಡ್ರಪ್ಪ. ವರ್ಜೀನಿಯಾದಲ್ಲಿ ಇಂಗ್ಲಿಷರ ಊರು ಜೇಮ್ಸ್‌ಟೌನ್ 1607ರಲ್ಲೇ ಆಗಿತ್ತು. ಆ ವಂಶದವರಿಗೂ ಬೇರೆ ಸಂಘ ಇದೆ, 1936ರದ್ದು. ಇವರಿಗಿಂತ ಅವರು ಹಳಬರು.

ಬಾಸ್ಟನ್_ಭಾವ: "ಹಳಬರು" ಹೇಗೆ? ನಮ್ಮ ಸಂಘ 1897ರದ್ದು.

ಸುಮ್ನೆ_ಸುಮಾ: "ನಮ್ಮ"?? ಹಾಸನದಿಂದ ಯಾವ ಹಡಗಲ್ಲಿ ಹೋದಿರಿ?

ಬಾಸ್ಟನ್_ಭಾವ: ಬಾಯ್ತಪ್ಪಿ ಬಂತು. ಬಂಡೆ ಬಗ್ಗೆ ನಾನು ಹೇಳಿದ್ದು ಸರಿಯೇ. ನಾಳೆ ಫೋಟೋ ಹಾಕುತ್ತೇನೆ.

ಕಲ್ಲುಸಕ್ಕರೆ: 1620ರದ್ದು ಹಾಕಿ.