ಮುರಕಲ್ಲಿನ ನೆಲದಲ್ಲಿದ್ದೂ ಕಬ್ಬಿಣಾಂಶದ ಕೊರತೆ ಏಕೆ?

ಪ್ರಶ್ನೆ (ಪೆರ್ಲದಿಂದ)

ನನ್ನ ಅಮ್ಮನಿಗೆ 58 ವರ್ಷ. ಮೂರು ತಿಂಗಳಿಂದ ಕಬ್ಬಿಣದ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ಸೇವಿಸುತ್ತಿದ್ದರೂ ಹಿಮೋಗ್ಲೋಬಿನ್ 9.2ರಿಂದ 9.5ಕ್ಕೆ ಮಾತ್ರ ಏರಿದೆ. ನಮ್ಮದು ಸಸ್ಯಾಹಾರದ ಮನೆ. ಕುಚ್ಚಲಕ್ಕಿ ಗಂಜಿ, ಹರಿವೆ, ಹೆಸರುಕಾಳು, ವಾರಕ್ಕೆ ಎರಡು ಬಾರಿಯಾದರೂ ನುಗ್ಗೆಸೊಪ್ಪು ಇದ್ದೇ ಇರುತ್ತದೆ. ಬೆಳಗ್ಗೆ ಎದ್ದೊಡನೆ ಥೈರಾಯ್ಡಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದು ಗಂಟೆ ಕಳೆದು ತಿಂಡಿಯಾದ ಮೇಲೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಿ, ಒಂದು ಲೋಟ ಕಾಫಿ ಕುಡಿಯುತ್ತಾರೆ. ನಮ್ಮ ಬಾವಿಯ ನೀರು ಬಕೆಟ್ಟಿನಲ್ಲಿ ಕೆಂಪು ಕಲೆ ಬಿಡುವಷ್ಟು ಕಬ್ಬಿಣ ತುಂಬಿದ ನೀರು. ಹೀಗಿರುವಾಗ ಕೊರತೆ ಎಲ್ಲಿಂದ ಬಂತು ಎಂಬುದೇ ನನಗೆ ತಿಳಿಯುತ್ತಿಲ್ಲ. ಎಲ್ಲ ಖನಿಜಾಂಶಗಳೂ ಒಂದೇ ಗುಳಿಗೆಯಲ್ಲಿರುವ ಡಬ್ಬಿಯೊಂದನ್ನು ತರಿಸಿ ಕೊಡುವಂತೆ ದೊಡ್ಡಮ್ಮ ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ 1 (ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಕುಂಬಳೆ)

ಮಗಳೇ, ನಿನ್ನ ಪ್ರಶ್ನೆಯ ಉತ್ತರ ನಿಮ್ಮ ಬಕೆಟ್ಟಿನ ಕಲೆಯಲ್ಲಿಯೇ ಇದೆ. ಬಾವಿಯ ಆಳದಲ್ಲಿ, ಗಾಳಿ ತಗಲದಿರುವಾಗ, ಕಬ್ಬಿಣವು ಫೆರಸ್ ರೂಪದಲ್ಲಿ ನೀರಿನಲ್ಲಿ ಕರಗಿರುತ್ತದೆ. ಮೇಲಕ್ಕೆ ಸೇದಿದ ನೀರಿಗೆ ಗಾಳಿಯ ಆಮ್ಲಜನಕ ಸೇರಿದೊಡನೆ ಅದು ಫೆರಿಕ್ ರೂಪಕ್ಕೆ ತಿರುಗಿ, ಕರಗಲಾರದೆ ಕೆಂಪಾಗಿ ತಳದಲ್ಲಿ ಕೂರುತ್ತದೆ. ನಮ್ಮ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬಣ್ಣವೂ ಇದೇ ಫೆರಿಕ್ ಆಕ್ಸೈಡಿನದು. ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಮಲಬಾರಿನ ಅಂಗಡಿಪುರದ ಇದೇ ಕಲ್ಲನ್ನು ವರ್ಣಿಸುತ್ತ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ. ಲಕ್ಷಾಂತರ ಮಳೆಗಾಲಗಳು ಕರಗುವ ಖನಿಜಗಳನ್ನೆಲ್ಲ ತೊಳೆದುಕೊಂಡು ಹೋದರೂ ಇಷ್ಟೊಂದು ಕಬ್ಬಿಣ ಈ ಕಲ್ಲಿನಲ್ಲಿ ಉಳಿದಿದೆಯೆಂದರೆ, ಅದು ಸುಲಭವಾಗಿ ಕರಗುವಂಥದ್ದಲ್ಲ ಎಂದೇ ಅರ್ಥ.

ಇಂಥ ಮಣ್ಣಿನಿಂದ ಕಬ್ಬಿಣವನ್ನು ಪಡೆಯಲು ಹರಿವೆಯಂಥ ಗಿಡಗಳು ಬೇರಿನಿಂದ ಆಮ್ಲವನ್ನು ಸ್ರವಿಸಿ, ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿಸಿ ಒಳಗೆಳೆದುಕೊಳ್ಳುತ್ತವೆ. ನಮ್ಮ ದೇಹವೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ ಎಂಬುದನ್ನು ತರಗತಿಯಲ್ಲಿ ವಿವರಿಸುವಾಗ ನನಗೆ ಪ್ರತಿ ವರ್ಷವೂ ಹೊಸದಾಗಿ ಸಂತೋಷವಾಗುತ್ತಿತ್ತು. ಜಠರದ ಆಮ್ಲ ಕಬ್ಬಿಣವನ್ನು ಕರಗಿಸುತ್ತದೆ, ಸಣ್ಣ ಕರುಳಿನ ಮೊದಲ ಭಾಗದ ಗೋಡೆಯಲ್ಲಿ ಅದು ಫೆರಸ್ ಆಗಿ ಒಳಸೇರುತ್ತದೆ. ಈ ದಾರಿಯಲ್ಲಿ ಕಾಫಿ, ಚಹಾಗಳಲ್ಲಿರುವ ಪಾಲಿಫಿನಾಲುಗಳಾಗಲಿ, ಅಕ್ಕಿ ಮತ್ತು ಕಾಳುಗಳ ಫೈಟೇಟ್ ಆಗಲಿ ಅದನ್ನು ಹಿಡಿದುಕೊಂಡರೆ ಕಬ್ಬಿಣವು ಕರುಳಿನೊಳಗೆ ಸಾಗಿಹೋಗುತ್ತದೆಯೇ ಹೊರತು ರಕ್ತಕ್ಕೆ ಸೇರುವುದಿಲ್ಲ. ವಿಟಮಿನ್ ಸಿ ಇದಕ್ಕೆ ಎದುರಾಗಿ ನಿಂತು ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಉಳಿಸುತ್ತದೆ. ಆದ್ದರಿಂದ ಹರಿವೆ ಪಲ್ಯಕ್ಕೆ, ಒಲೆಯಿಂದ ಇಳಿಸಿದ ಮೇಲೆ, ಲಿಂಬೆ ಹಿಂಡುವುದು ಒಳ್ಳೆಯದು. ಕುದಿಯುವಾಗ ಹಿಂಡಿದರೆ ಆ ವಿಟಮಿನ್ನಿನ ಒಂದಷ್ಟು ಪಾಲು ನಷ್ಟವಾಗುತ್ತದೆ. ಊಟದ ಜೊತೆ ಹಸಿ ನೆಲ್ಲಿಕಾಯಿಯ ತುಂಡು ಅದಕ್ಕಿಂತಲೂ ಮೇಲು. ಹೆಸರುಕಾಳನ್ನು ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಹುದುಗು ಬಂದ ಉದ್ದಿನ ದೋಸೆಯ ಹಿಟ್ಟಿನಲ್ಲಿಯೂ ಹಾಗೆಯೇ, ಆದರೆ ನೀರುದೋಸೆಯ ಹಿಟ್ಟನ್ನು ಹುದುಗಿಸುವ ಕ್ರಮವಿಲ್ಲವಾದ್ದರಿಂದ ಅಲ್ಲಿ ಈ ಲಾಭವಿಲ್ಲ.

ಉತ್ತರ 2 (ಔಷಧದಂಗಡಿ ನಡೆಸುವವ, ಬದಿಯಡ್ಕ)

ಅಕ್ಕಾ, ಮಾಷ್ಟ್ರು ಆಹಾರದ ಬಗ್ಗೆ ಹೇಳಿದ್ದಾರೆ, ನಾನು ಮಾತ್ರೆಗಳ ಬಗ್ಗೆ ಹೇಳುತ್ತೇನೆ. ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ. ಇವೆರಡೂ ಥೈರಾಯ್ಡಿನ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಆದ್ದರಿಂದ ಅದಕ್ಕೂ ಇವಕ್ಕೂ ನಡುವೆ ನಾಲ್ಕು ಗಂಟೆಗಳ ಅಂತರ ಬೇಕು. ನಿಮ್ಮ ಅಮ್ಮನವರ ಕ್ರಮದಲ್ಲಿ ಮೂರು ಮಾತ್ರೆಗಳೂ ಒಂದರ ಕೆಲಸಕ್ಕೆ ಮತ್ತೊಂದು ಅಡ್ಡಿಯಾಗುತ್ತಿರುವ ಸಾಧ್ಯತೆಯೇ ಹೆಚ್ಚು. ಬೆಳಗ್ಗೆ ಆರಕ್ಕೆ ಥೈರಾಯ್ಡಿನ ಮಾತ್ರೆ, ಹನ್ನೊಂದಕ್ಕೆ ಲಿಂಬೆ ಶರಬತ್ತಿನೊಡನೆ ಕಬ್ಬಿಣ, ರಾತ್ರಿ ಊಟದೊಡನೆ ಕ್ಯಾಲ್ಸಿಯಂ ಎಂದು ಹಂಚಿಕೊಳ್ಳಬಹುದೇ ಎಂದು ವೈದ್ಯರಲ್ಲಿ ಕೇಳಿ. ಗ್ಯಾಸ್ಟ್ರಿಕ್‌ಗೆಂದು ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ, ಏಕೆಂದರೆ ಆಮ್ಲವಿಲ್ಲದಿದ್ದರೆ ಕಬ್ಬಿಣ ಕರಗುವುದೇ ಕಷ್ಟ.

ಎಲ್ಲ ಖನಿಜಗಳ ಗುಳಿಗೆಯನ್ನು ಸದ್ಯಕ್ಕೆ ತರಿಸಬೇಡಿ. ಇದು ನನ್ನ ವ್ಯಾಪಾರಕ್ಕೆ ವಿರುದ್ಧವಾದ ಮಾತಾದರೂ ಹೇಳಲೇಬೇಕು. ಒಂದೇ ಗುಳಿಗೆಯಲ್ಲಿ ಕಬ್ಬಿಣ, ಸತು, ಕ್ಯಾಲ್ಸಿಯಂ ಸೇರಿದರೆ ಅವು ಹೀರಿಕೆಗಾಗಿ ಪರಸ್ಪರ ಪೈಪೋಟಿ ನಡೆಸುತ್ತವೆ. ಸತುವನ್ನು ಅಧಿಕ ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ತಾಮ್ರದ ಕೊರತೆಯುಂಟಾಗುತ್ತದೆ, ತಾಮ್ರ ಕಡಿಮೆಯಾದರೆ ಮತ್ತೆ ರಕ್ತಹೀನತೆಯೇ ಬರುತ್ತದೆ. ಸೆಲೆನಿಯಂ ಥೈರಾಯ್ಡ್ ಹಾರ್ಮೋನನ್ನು ಸಕ್ರಿಯಗೊಳಿಸುವ ಕಿಣ್ವಗಳಿಗೆ ಅಗತ್ಯವೇನೋ ಹೌದು, ಆದರೆ ಅದು ಮೈಕ್ರೋಗ್ರಾಂ ಲೆಕ್ಕದಲ್ಲಿ. ವಿಪರೀತವಾದರೆ ಕೂದಲು ಉದುರಿ ಉಗುರುಗಳು ಒಡೆಯುತ್ತವೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮುಟ್ಟು ನಿಂತ ವಯಸ್ಸಿನಲ್ಲಿ ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿದ್ದರೆ ಅದನ್ನು ಊಟದ ದೋಷವೆಂದು ಸುಮ್ಮನಾಗಬಾರದು. ಜಠರದಲ್ಲಿಯೋ ಕರುಳಿನಲ್ಲಿಯೋ ಕಣ್ಣಿಗೆ ಕಾಣದಂತೆ ರಕ್ತ ಸೋರುತ್ತಿರಬಹುದು. ಫೆರಿಟಿನ್ (ದೇಹದಲ್ಲಿ ಸಂಗ್ರಹವಾಗಿರುವ ಕಬ್ಬಿಣವನ್ನು ತಿಳಿಸುವಂಥದ್ದು) ಮತ್ತು ವಿಟಮಿನ್ ಬಿ12 ಪರೀಕ್ಷೆಗಳನ್ನು ಮಾಡಿಸಿ, ರಕ್ತಸ್ರಾವದ ಸಾಧ್ಯತೆಯನ್ನು ವೈದ್ಯರು ಪರಿಶೀಲಿಸುವಂತೆ ದಯವಿಟ್ಟು ಒತ್ತಾಯಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯೂ ಸಾಮಾನ್ಯ, ಅದನ್ನು ಕಬ್ಬಿಣದಿಂದ ತುಂಬಲಾಗದು.

ಉತ್ತರ 3 (ಮಂಜೇಶ್ವರದಿಂದ)

ಥೈರಾಯ್ಡಿನ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಕಡಲ ಬದಿಯವರಿಗೆ ಅಯೋಡಿನ್ ಕೊರತೆಯಾಗದು ಎಂಬ ನಂಬಿಕೆಯಿಂದ ನಮ್ಮ ಕಡೆ ಹಲವರು ಬರಿಯ ಕಲ್ಲುಪ್ಪನ್ನೇ ಬಳಸುತ್ತಾರೆ. ಸಮುದ್ರದ ನೀರನ್ನು ಒಣಗಿಸಿದ ಉಪ್ಪಿನಲ್ಲಿ ಸಹಜವಾಗಿ ಉಳಿಯುವ ಅಯೋಡಿನ್ ತೀರ ಕಡಿಮೆ; ಮೀನು ತಿನ್ನದ ಮನೆಗಳಿಗೆ ಅಯೋಡಿನ್ ಸೇರಿಸಿದ ಉಪ್ಪೇ ಮುಖ್ಯ ಆಧಾರ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಮಳೆಗಾಲದ ತೇವದಲ್ಲಿ ಉಪ್ಪಿನ ಭರಣಿಗೆ ಮುಚ್ಚಳ ಬಿಗಿಯಾಗಿರಲಿ.

ಪ್ರಶ್ನೆ ಕೇಳಿದವರಿಂದ

ಮಾಷ್ಟ್ರೇ, ಅಣ್ಣಾ, ಎಲ್ಲರಿಗೂ ಕೃತಜ್ಞತೆಗಳು. ಕಾಫಿಯನ್ನು ಮಾತ್ರೆಯಿಂದ ದೂರವಿಡಲು ಅಮ್ಮ ಒಪ್ಪಿದ್ದಾರೆ. ರಕ್ತಸ್ರಾವದ ಸಾಧ್ಯತೆಯನ್ನು ಈವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಸೋಮವಾರವೇ ಅವರನ್ನು ಕರೆದುಕೊಂಡು ಹೋಗುತ್ತೇನೆ. ಅಟ್ಟದಲ್ಲಿ ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಯೊಂದಿದೆ, ಅದರಲ್ಲಿ ಅಡುಗೆ ಮಾಡಿದರೆ ಪ್ರಯೋಜನವಿದೆಯೇ?

ಉತ್ತರ 1ರವರಿಂದ

ಇದೆ ಮಗಳೇ. ಹುಳಿ ಸೇರಿದ ಪದಾರ್ಥವನ್ನು ಅದರಲ್ಲಿ ಬೇಯಿಸಿದರೆ ಆಹಾರಕ್ಕೆ ಕಬ್ಬಿಣ ಹೆಚ್ಚು ಸೇರುತ್ತದೆ. ತುಕ್ಕನ್ನು ಚೆನ್ನಾಗಿ ಉಜ್ಜಿ ತೆಗೆದು, ಎಣ್ಣೆ ಸವರಿ ಕಾಯಿಸಿದ ಮೇಲೆ ಬಳಸು, ಬೆಂದ ಸಾಂಬಾರನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡ. ಆದರೆ ಬಾಣಲೆ ಇದೆಯೆಂದು ಸೋಮವಾರದ ಪ್ರಯಾಣವನ್ನು ಮಾತ್ರ ಮುಂದೂಡಬೇಡ.