ಮರದ ಕ್ಯಾಮೆರಾ ಕಟ್ಟಿದ್ದೇನೆ, ಫೋಟೊ ಮಸುಕು ಬರುತ್ತಿದೆ. ಅನುಭವ ಇದ್ದವರು ಹೇಳಿ

ಹಾಸನದಿಂದ:
ತೇಗದ ಹಲಗೆಯಲ್ಲಿ ನಾನೇ 4x5 ಇಂಚಿನ ಬಿಡಿ ಫಿಲ್ಮ್ ಶೀಟ್ ಹಾಕುವ ಕ್ಯಾಮೆರಾ ಕಟ್ಟಿದ್ದೇನೆ. 150 ಎಂಎಂ ಲೆನ್ಸ್ ಹಾಕಿದ್ದೇನೆ. ಫೋಕಸ್ ನೋಡಲು ಹಿಂದೆ ಕೂರಿಸಿದ ಉಜ್ಜಿದ ಗಾಜಿನ ಮೇಲೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ತೆಗೆದ ಮೇಲೆ ಮಸುಕು. ಆರು ಶೀಟ್ ಹಾಳಾಯಿತು. ಫಿಲ್ಮಿನ ಬೆಲೆ ನೆನೆದರೆ ಏಳನೆಯದಕ್ಕೆ ಕೈ ಬರುತ್ತಿಲ್ಲ. ಎಲ್ಲಿ ತಪ್ಪಿರಬಹುದು?

ಮೈಸೂರಿನಿಂದ:
ಸರ್, ಉಜ್ಜಿದ ಗಾಜಿನ ಒರಟು ಮೈ ಯಾವ ಕಡೆ ಇದೆ ಅಂತ ಮೊದಲು ನೋಡಿ. ಅದು ಲೆನ್ಸ್ ಕಡೆಗೇ ಇರಬೇಕು. ಚಿತ್ರ ಮೂಡುವುದು ಆ ಮೈ ಮೇಲೆ, ಆಮೇಲೆ ಫಿಲ್ಮ್ ಕೂರುವುದೂ ಅದೇ ಜಾಗಕ್ಕೆ. ನಾನು ಉಲ್ಟಾ ಕೂರಿಸಿದ್ದೆ. ನಮ್ಮಜ್ಜಿಯನ್ನು ಬಾಗಿಲ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ಎರಡು ಮೀಟರ್ ದೂರದಿಂದ, ಕಣ್ಣಿಗೇ ಫೋಕಸ್ ಮಾಡಿ ತೆಗೆದೆ. ನೆಗೆಟಿವ್ ತೊಳೆದು ಬೆಳಕಿಗೆ ಹಿಡಿದರೆ ಅಜ್ಜಿಯ ಮುಖ ಮಂಜು ಕವಿದ ಹಾಗಿತ್ತು. ಒಂದು ಗೇಣು ಹಿಂದಿದ್ದ ಬಾಗಿಲ ಚಿಲಕ ಮಾತ್ರ ಸ್ಕ್ರೂವಿನ ಗೀರೂ ಕಾಣುವಷ್ಟು ಸ್ಪಷ್ಟ. 2 ಎಂಎಂ ಗಾಜು ಮಾಡಿದ ಕೆಲಸ ಅದು. ಆ ನೆಗೆಟಿವ್ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗಾಜು ಸರಿ ಇದ್ದರೆ ಆಳ ಅಳೆಯಿರಿ. 4x5 ಹೋಲ್ಡರಿನ (ಫಿಲ್ಮ್ ತುಂಬಿ ಕ್ಯಾಮೆರಾಕ್ಕೆ ತೂರಿಸುವ ಚಪ್ಪಟೆ ಚೌಕಟ್ಟು) ಮೇಲ್ಮೈಯಿಂದ ಒಳಗಿನ ಫಿಲ್ಮಿಗೆ ಸುಮಾರು 4.8 ಎಂಎಂ ಇರುತ್ತದೆ. ಗಾಜಿನ ಚೌಕಟ್ಟು ಕ್ಯಾಮೆರಾಕ್ಕೆ ಒತ್ತುವ ಮೈಯಿಂದ ಒರಟು ಮೈಗೂ ಅಷ್ಟೇ ಬರಬೇಕು. ವರ್ನಿಯರ್ ಅಳತೆಗೋಲು ಹಿಡಿದು ನಾಲ್ಕೂ ಮೂಲೆ ನೋಡಿ. ಮರ ಅಲ್ವಾ, ಎಲ್ಲೋ ಒಂದು ಮೂಲೆ ಏರುಪೇರಾಗಿರುತ್ತದೆ. ವಿಸಿಟಿಂಗ್ ಕಾರ್ಡಿನ ಚೂರು ಕೊಟ್ಟೇ ನನ್ನದು ಸರಿಹೋಯಿತು. ಆಮೇಲೆ ಮೇಜಿನ ಮೇಲೆ ಅಳತೆ ಟೇಪು ಉದ್ದಕ್ಕೆ ಚಾಚಿ, ಒಂದು ಅಂಕಿಗೆ ಫೋಕಸ್ ಮಾಡಿ, ಲೆನ್ಸ್ ಪೂರ್ತಿ ತೆರೆದು ತೆಗೆಯಿರಿ. ಫೋಕಸ್ ಮಾಡಿದ ಅಂಕಿಯೇ ಸ್ಪಷ್ಟ ಬಂದರೆ ಸರಿ, ಬೇರೆ ಅಂಕಿ ಬಂದರೆ ಅಳತೆ ಇನ್ನೂ ತಪ್ಪಿದೆ ಅಂತ.

ಈ ಪರೀಕ್ಷೆಗೆಲ್ಲ ಒಳ್ಳೆ ಫಿಲ್ಮ್ ಸುಡಬೇಡಿ. ಹಸಿರು ಬೆಳಕಿಗೆ ಸ್ಪಂದಿಸುವ ಎಕ್ಸ್‌ರೇ ಫಿಲ್ಮ್ ತಂದು ಕತ್ತರಿಸಿಕೊಳ್ಳಿ. ನಾನು ಐಎಸ್‌ಒ (ಫಿಲ್ಮ್ ಬೆಳಕಿಗೆ ಸ್ಪಂದಿಸುವ ವೇಗ) 80 ಅಂತ ಲೆಕ್ಕ ಹಿಡಿಯುತ್ತೇನೆ. ಅದಕ್ಕೆ ಕೆಂಪು ಕಾಣುವುದಿಲ್ಲ, ಹಾಗಾಗಿ ಮಂದ ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಲೇ ಡೆವಲಪ್ ಮಾಡಬಹುದು. ಟ್ರೇಯಲ್ಲಿ ಅಜ್ಜಿಯ ಸೀರೆಯ ಅಂಚು ನಿಧಾನಕ್ಕೆ ಮೂಡುವುದನ್ನು ನೋಡಿದ್ದೇನಲ್ಲ, ಆ ಖುಷಿಗೇ ಇಷ್ಟೆಲ್ಲ ಕಷ್ಟಪಡಬಹುದು. ಆದರೆ ಎರಡೂ ಬದಿಗೆ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ಇರುತ್ತದೆ, ಉಗುರು ತಾಗಿದರೂ ಗೀರು. ಟ್ರೇಯ ತಳಕ್ಕೆ ಒಂದು ಗಾಜು ಹಾಸಿ. ಪ್ರಿಂಟಿನಲ್ಲಿ ಕುಂಕುಮ ಕಪ್ಪಗೆ ಬರುತ್ತದೆ, ಆಕಾಶ ಬೆಳ್ಳಗೆ.

ಧಾರವಾಡದಿಂದ:
ನನ್ನ ಲೆನ್ಸಿಗೆ ಶಟರೇ ಇಲ್ಲ. ಫೋಟೊ ಪೇಪರನ್ನೇ ನೆಗೆಟಿವ್ ಮಾಡಿಕೊಳ್ಳುತ್ತೇನೆ, ಐಎಸ್‌ಒ 6. ಲೆನ್ಸಿನ ತೂತು ತೀರಾ ಚಿಕ್ಕದು ಮಾಡಿ ಎಫ್ 45 ಇಟ್ಟರೆ ಬಿಸಿಲಲ್ಲೂ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಹಾಕಿದರೆ ಆಯಿತು.

ಸಾಗರದಿಂದ:
ನಮ್ಮ ಕಡೆ ಮಳೆಗಾಲದಲ್ಲಿ ಮರ ಉಬ್ಬಿ ಹೋಲ್ಡರ್ ಸಿಕ್ಕಿಹಾಕಿಕೊಳ್ಳುತ್ತದೆ. ಪಾಲಿಶ್ ಒಳಗೂ ಹೊರಗೂ ಕೊಡಿ. ಒಳಗೆ ಕೊಟ್ಟ ಮೇಲೆ ಹೊಳಪಿಲ್ಲದ ಕಪ್ಪು ಬಳಿಯಿರಿ. ಜಾರುವ ಕಡೆ ಮೇಣದ ಬತ್ತಿ ತಿಕ್ಕಿ.

ಲೆನ್ಸಿಗೂ ಫಿಲ್ಮಿಗೂ ನಡುವೆ ಬರುವ ಮಡಿಕೆಯ ತಿದಿಯನ್ನು ನಾನು ಹಾರ್ಮೋನಿಯಂ ರಿಪೇರಿಯವರ ಹತ್ತಿರ ಮಾಡಿಸಿದೆ. ಮಡಿಕೆ ಮೂಲೆಯಲ್ಲಿ ಹರಿಯದಂತೆ ಕಟ್ಟುವುದು ಅವರಿಗೆ ಕರಗತ. ಇದು ಹೊಸದೇನಲ್ಲ. ಹಳೇ ಸ್ಟುಡಿಯೋಗಳಲ್ಲಿ ಇದ್ದ ವಾಗೀಶ್ವರಿ ಮರದ ಕ್ಯಾಮೆರಾ ಬಂದದ್ದು ಕೇರಳದ ಆಲಪ್ಪುಳದಿಂದ. ಅದನ್ನು ಮಾಡಿದ ಕರುಣಾಕರನ್ ಅವರದ್ದೂ ಸಂಗೀತ ವಾದ್ಯ ರಿಪೇರಿಯ ಮನೆಯೇ.

ತಿದಿಯಲ್ಲಿ ತೂತಿದೆಯಾ ನೋಡಲು ರಾತ್ರಿ ದೀಪ ಆರಿಸಿ, ಕ್ಯಾಮೆರಾ ಒಳಗೆ ಟಾರ್ಚ್ ಇಡಿ. ಐದು ನಿಮಿಷ ಕತ್ತಲಲ್ಲಿ ಸುಮ್ನೆ ಕೂತು ಆಮೇಲೆ ನೋಡಿ.

ಹಾಸನದಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಜಿನ ಒರಟು ಮೈ ನನ್ನ ಕಡೆಗೇ ಇತ್ತು! ತಿರುಗಿಸಿ ಹಾಕಿದೆ. ಟಾರ್ಚ್ ಇಟ್ಟಾಗ ತಿದಿಯ ಕೆಳಮೂಲೆಯಲ್ಲಿ ಎರಡು ಚುಕ್ಕಿ ಬೆಳಕೂ ಕಂಡಿತು. ನಾಳೆ ಎಕ್ಸ್‌ರೇ ಫಿಲ್ಮ್ ತರುತ್ತೇನೆ, ಟೇಪಿನ ಫೋಟೊ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.